ದ್ವೀಪಕ್ಕೆ ಹೋದವರು, ದ್ವೀಪದಲ್ಲೇ ಹುಟ್ಟಿದವರು

ಮಿಷನರಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಎರಡು ಗುಂಪು ರೆಡಿ. ಒಂದು ಗುಂಪಿಗೆ ಅದು ಬರೀ ಮತಾಂತರ, ಇನ್ನೊಂದಕ್ಕೆ ಬರೀ ಶಾಲೆ ಮತ್ತು ಆಸ್ಪತ್ರೆ. ಟೀ ಮುಗಿಯುವ ಹೊತ್ತಿಗೆ ಚರ್ಚೆಯೂ ಮುಗಿಯುತ್ತದೆ. ಯಾರ ಅಭಿಪ್ರಾಯವೂ ಕೂದಲೆಳೆಯಷ್ಟು ಬದಲಾಗಿರುವುದಿಲ್ಲ. ಈ ಎರಡೂ ಗುಂಪಿನವರು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಕಥೆಯನ್ನೊಮ್ಮೆ ಓದಬೇಕು ಎಂಬುದು ನನ್ನ ಆಸೆ. ಅಲ್ಲಿ ಒಂದೇ ಕೆಲಸ ಒಂದು ದ್ವೀಪದಲ್ಲಿ ದುರಂತವಾಯಿತು, ಇನ್ನೊಂದರಲ್ಲಿ ಹಾಗೆಯೇ ಸತ್ತುಹೋಯಿತು, ಮೂರನೆಯದರಲ್ಲಿ ಬೇರು ಬಿಟ್ಟಿತು. ಹೀಗೇಕಾಯಿತು ಎಂಬ ಪ್ರಶ್ನೆ ಧರ್ಮದ ಬಗ್ಗೆ ಮಾತ್ರವಲ್ಲ, ನಾಳೆ ಡಿಗ್ರಿ ಹಿಡಿದು ‘ಸಮಾಜಕ್ಕೆ ಏನಾದರೂ ಮಾಡಬೇಕು’ ಎಂದು ಹೊರಡುವ ನಮ್ಮ ಬಗ್ಗೆಯೂ ಹೌದು.

ದುರಂತದ ಕಥೆ ಬಹುತೇಕರಿಗೆ ಗೊತ್ತು. 2018ರ ನವೆಂಬರ್‌ನಲ್ಲಿ ಜಾನ್ ಆಲೆನ್ ಚೌ ಎಂಬ 26 ವರ್ಷದ ಅಮೆರಿಕನ್ ಯುವಕ ಮೀನುಗಾರರಿಗೆ ಹಣ ಕೊಟ್ಟು, ಕಾನೂನು ಮೀರಿ, ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋದ. ದಡದಲ್ಲಿ ನಿಂತು ಇಂಗ್ಲಿಷಿನಲ್ಲಿ ಯೇಸುವಿನ ಹೆಸರು ಕೂಗಿದ, ಹಾಡಿದ. ಸೆಂಟಿನೆಲೀಸ್ ಜನರ ಭಾಷೆ ಹೊರಗಿನ ಒಬ್ಬರಿಗೂ ಬರುವುದಿಲ್ಲ. ಅವರು ಬಾಣದಿಂದ ಉತ್ತರ ಕೊಟ್ಟರು. ಆತನ ದೇಹ ಇವತ್ತಿಗೂ ಹೊರಗೆ ಬಂದಿಲ್ಲ. ಆ ದಿನಗಳಲ್ಲಿ ಸೋಷಿಯಲ್ ಮೀಡಿಯಾದಲ್ಲಿ ನಕ್ಕವರೂ ಇದ್ದರು, ಆತನನ್ನು ಹುತಾತ್ಮ ಎಂದವರೂ ಇದ್ದರು. ಆ ಜನ ಹೊರಗಿನವರನ್ನು ಕಂಡರೆ ಯಾಕೆ ಹೀಗೆ ಎಂದು ಕೇಳಿದವರು ಕಡಿಮೆ. 1880ರಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಆ ದ್ವೀಪದಿಂದ ಒಬ್ಬ ಮುದುಕ, ಒಬ್ಬ ಮುದುಕಿ, ನಾಲ್ಕು ಮಕ್ಕಳನ್ನು ಹಿಡಿದು ಪೋರ್ಟ್ ಬ್ಲೇರ್‌ಗೆ ಒಯ್ದಿದ್ದ. ಅಲ್ಲಿ ಎಲ್ಲರಿಗೂ ಕಾಯಿಲೆಯಾಯಿತು, ಮುದುಕರಿಬ್ಬರೂ ಸತ್ತರು. ಮಕ್ಕಳ ಕೈಗೆ ಒಂದಷ್ಟು ಸಾಮಾನು ಕೊಟ್ಟು ವಾಪಸ್ ಬಿಟ್ಟರು. ಹೊರಗಿನವರ ನೆಗಡಿ, ದಡಾರ ಅಂಥ ಪುಟ್ಟ ಸಮುದಾಯವನ್ನು ಪೂರ್ತಿ ಅಳಿಸಿಬಿಡಬಹುದು. ಹಾಗಾಗಿ ಅಲ್ಲಿಗೆ ಹೋಗದಿರುವುದೇ ಪ್ರೀತಿ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಎರಡನೆಯದು ಅಷ್ಟು ಸುದ್ದಿಯಾಗದ ಕಥೆ. 1768ರಲ್ಲಿ ಮೊರಾವಿಯನ್ ಪಂಥದ ಮಿಷನರಿಗಳು ಡೇನಿಷರ ನೆಲೆಯಾಗಿದ್ದ ತರಂಗಂಬಾಡಿಯಿಂದ ನಿಕೋಬಾರಿನ ನಾನ್‌ಕೌರಿ ದ್ವೀಪಕ್ಕೆ ಹೋದರು. ಅವರ ಭಕ್ತಿ, ಧೈರ್ಯಗಳ ಬಗ್ಗೆ ಅನುಮಾನವೇ ಬೇಡ. ಒಬ್ಬರ ಹಿಂದೆ ಒಬ್ಬರು ಜ್ವರದಿಂದ ಸತ್ತರೂ ಹೊಸಬರು ಬರುತ್ತಲೇ ಇದ್ದರು. ಅವರಲ್ಲೊಬ್ಬರಾದ ಹೇನ್ಸೆಲ್ ಹೊಟ್ಟೆಪಾಡಿಗೆ ಕಪ್ಪೆಚಿಪ್ಪು, ಹಾವು ಹಿಡಿದು ಮಾರುತ್ತಿದ್ದರಂತೆ. ಆದರೆ ಆ ಭಾಷೆ ಕೊನೆಗೂ ಅವರ ಕೈಗೆ ಸರಿಯಾಗಿ ಸಿಗಲಿಲ್ಲ. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಅವರು ಗಂಟುಮೂಟೆ ಕಟ್ಟಿದರು. ಹಿಂದೆ ಉಳಿದದ್ದು ಗೋರಿಗಳು.

ಮೂರನೆಯ ಕಥೆ ಕಾರ್ ನಿಕೋಬಾರಿನದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. 19ನೇ ಶತಮಾನದ ಕೊನೆಯಲ್ಲಿ ವೇದಪ್ಪನ್ ಸಾಲೊಮನ್ ಎಂಬ ತಮಿಳು ಉಪದೇಶಿ ಬ್ರಿಟಿಷ್ ಸರ್ಕಾರದ ಏಜೆಂಟ್ ಕೆಲಸವನ್ನೂ ಹೊತ್ತು ಅಲ್ಲಿನ ಮೂಸ್ ಎಂಬ ಹಳ್ಳಿಗೆ ಬಂದರು. ದೊಡ್ಡ ಪಾದ್ರಿಯಲ್ಲ, ಬಿಳಿಯನೂ ಅಲ್ಲ. ಒಂದು ಸಣ್ಣ ಶಾಲೆ ತೆರೆದು ಅಲ್ಲೇ ವರ್ಷಗಟ್ಟಲೆ ಇದ್ದರು. ಅವರ ಶಾಲೆಯ ಹುಡುಗರಲ್ಲೊಬ್ಬ ಹಾ ಚೆವ್ ಕಾ. ಆ ಹುಡುಗ ಮುಂದೆ ಬರ್ಮಾಕ್ಕೆ ಹೋಗಿ ಓದಿ, ಜಾನ್ ರಿಚರ್ಡ್‌ಸನ್ ಆಗಿ ತನ್ನೂರಿಗೇ ಮರಳಿದ, ಮೇಷ್ಟರಾದ.

ಓದಿದವನು ಊರಿಗೆ ಮರಳಿದ ಎನ್ನುವ ಸಾಲನ್ನು ಬೆಂಗಳೂರಿನ ಪಿಜಿಯಲ್ಲಿ ಕೂತು ಓದುವಾಗ ಸ್ವಲ್ಪ ಚುಚ್ಚುತ್ತದೆ. ಇರಲಿ.

ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ದ್ವೀಪವನ್ನು ಹಿಡಿದಾಗ ಗೂಢಚಾರರೆಂಬ ಅನುಮಾನದ ಮೇಲೆ ಅನೇಕ ನಿಕೋಬಾರಿಗಳನ್ನು ಹಿಂಸಿಸಿ ಕೊಂದರು. ರಿಚರ್ಡ್‌ಸನ್ ಕೂಡ ಸೆರೆಯಲ್ಲಿದ್ದು, ಸಾವಿನ ಬಾಗಿಲಿನಿಂದ ಹಿಂದೆ ಬಂದವರು. ದ್ವೀಪದ ಬಹುಪಾಲು ಜನ ಚರ್ಚಿನ ಕಡೆಗೆ ಬಂದದ್ದು ಆ ಯುದ್ಧದ ನಂತರ. ನನ್ನ ಅಂದಾಜು ಇಷ್ಟೇ: ಜನ ನಂಬಿದ್ದು ಯಾವುದೋ ವಾದವನ್ನಲ್ಲ, ತಮ್ಮ ಜೊತೆ ಏಟು ತಿಂದವನನ್ನು. ಹೊಸ ಒಡಂಬಡಿಕೆ ನಿಕೋಬಾರಿ ಭಾಷೆಗೆ ಬಂದದ್ದೂ ಅವರ ಕೈಯಿಂದಲೇ. 1952ರಿಂದ 57ರವರೆಗೆ ಮೊದಲ ಲೋಕಸಭೆಯಲ್ಲಿ ಅಂಡಮಾನ್ ಮತ್ತು ನಿಕೋಬಾರ್‌ನ ನಾಮನಿರ್ದೇಶಿತ ಸದಸ್ಯರಾಗಿ ಕೂತವರು, 1966ರಲ್ಲಿ ಆ ದ್ವೀಪಗಳ ಮೊದಲ ಬಿಷಪ್ ಆದವರು ಇದೇ ರಿಚರ್ಡ್‌ಸನ್. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದವು.

ಭಾಷೆಯ ಮಾತು ನಮಗೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಇವತ್ತು ಕನ್ನಡಿಗರು ಗೌರವದಿಂದ ನೆನೆಯುವುದು ಅವರ ಮತಪ್ರಚಾರದ ಕರಪತ್ರಗಳನ್ನಲ್ಲ, 1894ರಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟನ್ನು. ಆದರೂ ಕಿಟ್ಟೆಲ್ ಹೊರಗಿನಿಂದ ಬಂದು ಕಲಿತವರು. ರಿಚರ್ಡ್‌ಸನ್‌ಗೆ ಅದು ತಾಯಿ ಕಲಿಸಿದ ಮಾತು. ಆ ವ್ಯತ್ಯಾಸ ಸಣ್ಣದಲ್ಲ.

ಹಾಗಂತ ಕಾರ್ ನಿಕೋಬಾರಿನಲ್ಲಿ ಎಲ್ಲವೂ ಚೆನ್ನಾಯಿತು ಎಂದು ಬರೆದುಬಿಟ್ಟರೆ ಅದು ಮೋಸ. ಹೊಸ ನಂಬಿಕೆ ಬಂದಾಗ ಹಳೆಯ ಎಷ್ಟೋ ಆಚರಣೆ ಹಿಂದೆ ಸರಿದವು. ಆ ನಷ್ಟವನ್ನು ಅಳೆಯುವ ಹಕ್ಕು ಅಲ್ಲಿಯವರದು, ನನ್ನದಲ್ಲ. ಒಂದು ಮಾತು ಮಾತ್ರ ಹೇಳಬಹುದು. ಚರ್ಚಿಗೆ ಹೋಗುವ ಅದೇ ಜನ ಇಂದಿಗೂ ಹಂದಿ ಹಬ್ಬ ಮಾಡುತ್ತಾರೆ, ದೋಣಿ ಪಂದ್ಯ ನಡೆಸುತ್ತಾರೆ, ತುಹೇತ್ ಎಂಬ ದೊಡ್ಡ ಕೂಡುಕುಟುಂಬದಲ್ಲಿ ಬಾಳುತ್ತಾರೆ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವಾಗ ಅವರದೇ ಮನುಷ್ಯನೊಬ್ಬ ಆ ಜಾಗದಲ್ಲಿದ್ದ.

ಅಂಥವರಿಲ್ಲದೆ ತೀರ್ಮಾನವಾದರೆ ಏನಾಗುತ್ತದೆ ಎಂಬುದನ್ನು ಅದೇ ದ್ವೀಪ ಮುಂದೆ ಕಂಡಿತು, ಈ ಬಾರಿ ಬೈಬಲ್ ಹಿಡಿದವರಿಂದಲ್ಲ. 2004ರ ಡಿಸೆಂಬರ್ 26ರ ಸುನಾಮಿ ಕಾರ್ ನಿಕೋಬಾರಿನ ಕರಾವಳಿಯ ಹಳ್ಳಿಗಳನ್ನೂ ತೆಂಗಿನ ತೋಟಗಳನ್ನೂ ಕೊಚ್ಚಿಕೊಂಡು ಹೋಯಿತು. ಆಮೇಲೆ ಬಂದವರು ಅಧಿಕಾರಿಗಳು, ಸ್ವಯಂಸೇವಾ ಸಂಸ್ಥೆಗಳು ಮತ್ತು ನನ್ನ ಜಾತಿಯವರು, ಅಂದರೆ ಸಿವಿಲ್ ಎಂಜಿನಿಯರುಗಳು. ನಿಕೋಬಾರಿಗಳ ಹಳೆಯ ಮನೆ ಕಂಬಗಳ ಮೇಲೆ ನಿಂತ ದುಂಡನೆಯ ಗೂಡು, ಹುಲ್ಲಿನ ಹೊದಿಕೆ, ಕೆಳಗಿನಿಂದ ಗಾಳಿ. ಅವರಿಗೆ ಮೊದಲು ಸಿಕ್ಕಿದ್ದು ತಗಡಿನ ಶೆಡ್. ಆ ಸೆಕೆಯಲ್ಲಿ ತಗಡಿನ ಕೆಳಗೆ ವರ್ಷಗಳೇ ಕಳೆದವು. ಆಮೇಲೆ ಬಂದ ಕಾಯಂ ಮನೆಗಳ ಸಾಮಗ್ರಿ ಹಡಗಿನಲ್ಲಿ ಬಂತು, ವಿನ್ಯಾಸವೂ ಹೊರಗಿನಿಂದಲೇ ಬಂತು. ತುಹೇತ್‌ಗೆ ಹೊಂದುವ ಮನೆಯ ಬದಲು ಗಂಡ, ಹೆಂಡತಿ, ಮಕ್ಕಳು ಎಂಬ ಲೆಕ್ಕದ ಮನೆ. ಪರಿಹಾರದ ಹಣವೂ ಕೂಡುಕುಟುಂಬಕ್ಕಲ್ಲ, ಬಿಡಿಬಿಡಿಯಾಗಿ ಬ್ಯಾಂಕ್ ಖಾತೆಗೆ ಬಂತು. ಒಂದೇ ಒಲೆಯ ಸುತ್ತ ಇದ್ದವರ ನಡುವೆ ‘ನನ್ನದು, ನಿನ್ನದು’ ಹುಟ್ಟಿತು ಎಂದು ಅಲ್ಲಿ ಕೆಲಸ ಮಾಡಿದ ಸಂಶೋಧಕರು ಬರೆದಿದ್ದಾರೆ.

ಇದನ್ನು ಮಾಡಿದವರು ಕೆಟ್ಟವರಲ್ಲ. ಮೊರಾವಿಯನ್ನರಂತೆ ಅವರೂ ಒಳ್ಳೆಯದನ್ನೇ ಮಾಡಲು ಹೋದವರು. ಲೋಡ್ ಲೆಕ್ಕ ಸರಿಯಿತ್ತು, ಭೂಕಂಪದ ಕೋಡ್ ಸರಿಯಿತ್ತು. ಮನೆಯಲ್ಲಿ ಯಾರು ಯಾರ ಜೊತೆ ಮಲಗುತ್ತಾರೆ, ಹಂದಿಗಳನ್ನು ಎಲ್ಲಿ ಕಟ್ಟುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಡ್ರಾಯಿಂಗ್ ಶೀಟಿನಲ್ಲಿ ಜಾಗವಿರುವುದಿಲ್ಲ. ನಮ್ಮ ಸಿಲಬಸ್ಸಿನಲ್ಲೂ ಇಲ್ಲ. ನನ್ನ ದೂರು ಇರುವುದು ಇಲ್ಲಿ. ಪ್ರತಿ ಹ್ಯಾಕಥಾನ್‌ನಲ್ಲೂ ‘ಗ್ರಾಮೀಣ ಸಮಸ್ಯೆಗೆ ಪರಿಹಾರ’ ಎಂಬ ವಿಭಾಗವಿರುತ್ತದೆ. 24 ಗಂಟೆಯಲ್ಲಿ ಪರಿಹಾರ ಸಿದ್ಧ, ಬಹುಮಾನ ಸಿದ್ಧ, ರೆಸ್ಯೂಮೆಗೆ ಒಂದು ಸಾಲೂ ಸಿದ್ಧ. ಆ ಗ್ರಾಮದ ಒಬ್ಬರೂ ತೀರ್ಪುಗಾರರ ಸಾಲಿನಲ್ಲಿ ಕೂತಿರುವುದಿಲ್ಲ. ಚೌ ಮಾಡಿದ್ದನ್ನು ಹುಚ್ಚು ಎನ್ನುತ್ತೇವೆ. ಭಾಷೆ ಗೊತ್ತಿಲ್ಲದ ದಡದಲ್ಲಿ ನಿಂತು ನಮ್ಮ ಉತ್ತರ ಕೂಗುವುದನ್ನು ಇನೋವೇಷನ್ ಎನ್ನುತ್ತೇವೆ.

ನಮ್ಮ ನಾಲ್ವರ ತಂಡ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕಾಡಂಚಿನ ಹಾಡಿಯೊಂದಕ್ಕೆ ಕಡಿಮೆ ಖರ್ಚಿನ ಮನೆ ಎಂಬ ವಿಷಯ ಆರಿಸಿಕೊಂಡಿದೆ. ನಾಲ್ವರಲ್ಲಿ ಒಬ್ಬರೂ ಆ ಹಾಡಿಯಲ್ಲಿ ಒಂದು ರಾತ್ರಿ ಕಳೆದಿಲ್ಲ. ಸಿನಾಪ್ಸಿಸ್ ಕೊಡುವ ಮೊದಲು ಒಂದು ವಾರ ಅಲ್ಲಿದ್ದು ಬರೋಣ, ಅಲ್ಲಿಂದ ಓದಲು ಬಂದ ಹುಡುಗನೋ ಹುಡುಗಿಯೋ ಯಾವುದಾದರೂ ಪಾಲಿಟೆಕ್ನಿಕ್‌ನಲ್ಲಿ ಸಿಗುತ್ತಾರಾ ಹುಡುಕೋಣ ಎಂದು ನಾನು ಹೇಳುತ್ತಿದ್ದೇನೆ. ಇಂಟರ್ನಲ್ಸ್ ಹತ್ತಿರ ಬಂತು, ಗೂಗಲ್ ಮ್ಯಾಪ್ ಸಾಕು ಮಾರಾಯ ಎನ್ನುತ್ತಿದ್ದಾನೆ ನನ್ನ ಗೆಳೆಯ. ಉಳಿದಿಬ್ಬರು ಇನ್ನೂ ಬಾಯಿ ಬಿಟ್ಟಿಲ್ಲ.