ಮನೆಗೆ ತಕ್ಕ ನಾಯಿ: ಮುಧೋಳದ್ದೋ, ರಾಜಪಾಳಯದ್ದೋ?

ಕುಷ್ಟಗಿಯ ಸೋದರಿಯೊಬ್ಬರು ಪತ್ರ ಬರೆದು, ತಮ್ಮ ಮನೆಗೆ ಮುಧೋಳದ ಬೇಟೆನಾಯಿ ಒಳ್ಳೆಯದೋ, ತಮಿಳುನಾಡಿನ ರಾಜಪಾಳಯದ ನಾಯಿ ಒಳ್ಳೆಯದೋ ಎಂದು ಕೇಳಿರುವರು. ಮನೆಯಲ್ಲಿ ವೃದ್ಧರಾದ ಅತ್ತೆಯವರೂ ಇಬ್ಬರು ಮಕ್ಕಳೂ ಇರುವರು. ಯಜಮಾನರು ವಾರದಲ್ಲಿ ನಾಲ್ಕು ದಿನ ಪರಸ್ಥಳದಲ್ಲಿರುವರು. ಹಿತ್ತಿಲಿನಲ್ಲಿ ಆರು ಕೋಳಿಗಳಿವೆ. ಓಣಿಯಲ್ಲಿ ಕಳ್ಳತನವಾದ ಮೇಲೆ ನಾಯಿಯನ್ನು ತರುವ ಯೋಚನೆ ಹುಟ್ಟಿತಂತೆ. ಕೊಪ್ಪಳ, ಗಂಗಾವತಿ, ಯಲಬುರ್ಗಾ ಕಡೆಯ ಮನೆಗಳಲ್ಲಿಯೂ ಇದೇ ಪ್ರಶ್ನೆ ಏಳುವುದುಂಟಾದುದರಿಂದ ಉತ್ತರವನ್ನು ಎಲ್ಲರಿಗಾಗಿ ಇಲ್ಲಿಯೇ ಬರೆಯುತ್ತೇನೆ.

ಕನ್ಯೆಯನ್ನು ನೋಡಲು ಹೋಗುವವರು ಮೊದಲು ತಮ್ಮ ಮನೆಯ ಸ್ಥಿತಿಯನ್ನು ಯೋಚಿಸಿಕೊಳ್ಳಬೇಕೆಂದು ಹಿರಿಯರು ಹೇಳುತ್ತಿದ್ದರು. ನಾಯಿಯ ವಿಷಯದಲ್ಲಿಯೂ ಹಾಗೆಯೇ. ಅದು ನಮ್ಮೊಡನೆ ಹತ್ತು ಹನ್ನೆರಡು ವರ್ಷ ಬಾಳತಕ್ಕ ಜೀವವು. ಹೊಂದದಿದ್ದರೆ ಅಂಗಡಿಗೆ ಹಿಂದಿರುಗಿಸುವ ಪದಾರ್ಥವಲ್ಲ.

ಮುಧೋಳದ ನಾಯಿ ನಮ್ಮ ನೆರೆಯದೇ. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ ಘೋರ್ಪಡೆಯವರು ಕ್ಷೀಣಿಸುತ್ತಿದ್ದ ಈ ತಳಿಯನ್ನು ಸಂರಕ್ಷಿಸಿ ಬೆಳೆಸಿದರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ಇದರ ಹೆಸರು ಹೊರದೇಶಗಳಿಗೂ ಮುಟ್ಟಿತು. ನೀಳವಾದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಗಿಡ್ಡ ಕೂದಲು ಇದರ ಲಕ್ಷಣ. ನಮ್ಮ ಸೀಮೆಯ ಬಿಸಿಲು ಇದಕ್ಕೆ ಹೊಸದಲ್ಲ. ಪಕ್ಕೆಲುಬು ತುಸು ಕಂಡರೆ ಅದು ಉಪವಾಸದ ಗುರುತಲ್ಲ, ಮೈಕಟ್ಟೇ ಹಾಗೆ. ಮರುಗಿ ಅತಿಯಾಗಿ ಉಣಿಸಬಾರದು. ಮನೆಯವರಲ್ಲಿ ಸೌಮ್ಯವಾಗಿರುತ್ತದೆ, ಅಪರಿಚಿತರು ಮೈಮುಟ್ಟಿದರೆ ಸಹಿಸದು. ಆದರೆ ಇದು ವಾಸನೆಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ಜಾತಿ. ಓಡುವುದೇನನ್ನಾದರೂ ಕಂಡರೆ ಕರೆದ ಧ್ವನಿ ಇದರ ಕಿವಿಗೆ ಬೀಳದು. ಕೋಳಿಯೂ ಒಂದೇ, ಮೊಲವೂ ಒಂದೇ. ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ಕೃಷ್ಣಮೃಗಗಳಿರುವುದು ಎಲ್ಲರಿಗೂ ತಿಳಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವುಗಳ ಬೇಟೆ ಅಪರಾಧವು. ಆದುದರಿಂದ ಈ ನಾಯಿಯನ್ನು ಬಯಲಿನಲ್ಲಿ ಸ್ವೇಚ್ಛೆಯಾಗಿ ಬಿಡತಕ್ಕದ್ದಲ್ಲ. ಓಡಿಸುವುದಾದರೆ ಬೇಲಿ ಭದ್ರವಾಗಿರುವ ಜಾಗದಲ್ಲಿಯೇ ಓಡಿಸಬೇಕು.

ರಾಜಪಾಳಯದ ನಾಯಿಯ ತೌರೂರು ಇಂದಿನ ವಿರುದುನಗರ ಜಿಲ್ಲೆಯ ರಾಜಪಾಳಯಂ. ಹಾಲಿನಂತೆ ಬಿಳಿಯ ಮೈ, ನಸುಗೆಂಪು ಮೂಗು. ನೋಡಿದವರು ಮರುಳಾಗುವಂತಹ ರೂಪ. ತೋಟವನ್ನೂ ಮನೆಯನ್ನೂ ಕಾಯುವುದರಲ್ಲಿ ಇದು ಮುಧೋಳಕ್ಕಿಂತ ಒಂದು ಕೈ ಮೇಲೆಂದೇ ಹೇಳಬೇಕು. ಆದರೆ ಇದು ಸಾಮಾನ್ಯವಾಗಿ ಒಬ್ಬ ಒಡೆಯನನ್ನೇ ಹಿಡಿದುಕೊಳ್ಳುವ ನಾಯಿ; ಹೊಸಬರನ್ನು ಬೇಗ ಒಪ್ಪದು. ಹೋಗಿಬರುವವರು ಬಹಳವಾಗಿರುವ ಮನೆಗೆ ಇದರಿಂದ ತೊಂದರೆಯೇ. ಇನ್ನೊಂದು ಮಾತು: ಅಚ್ಚ ಬಿಳಿಯ ಮರಿಗಳಲ್ಲಿ ಕೆಲವು ಹುಟ್ಟುಕಿವುಡಾಗಿರುವುದುಂಟು. ಮರಿಯನ್ನು ಆರಿಸುವಾಗ ಅದರ ಬೆನ್ನ ಹಿಂದೆ, ಕಣ್ಣಿಗೆ ಬೀಳದಂತೆ ನಿಂತು, ಚಪ್ಪಾಳೆ ತಟ್ಟಿ ನೋಡಬೇಕು. ಬಣ್ಣ ತೆಳುವಾದ ಚರ್ಮಕ್ಕೆ ವೈಶಾಖದ ಬಿಸಿಲು ತಾಗದಂತೆ ನೆರಳನ್ನೂ ಒದಗಿಸಬೇಕು.

ಈ ಎರಡು ತಳಿಗಳ ಚಿತ್ರಗಳೂ 2005ರಲ್ಲಿ ಅಂಚೆಚೀಟಿಗಳ ಮೇಲೆ ಬಂದವು. ಚೀಟಿಯ ಮೇಲಿನ ನಾಯಿ ಉಣ್ಣುವುದಿಲ್ಲ, ಓಡುವುದಿಲ್ಲ. ಮನೆಗೆ ಬಂದ ನಾಯಿ ಎರಡನ್ನೂ ಮಾಡುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಹಿಂದೊಮ್ಮೆ, ಚೆಲುವಿಗೆ ಮನಸೋತು, ಮುಧೋಳದ ಮರಿಯೊಂದನ್ನು ತಂದೆವು. ನಮ್ಮದು ಓಣಿಯೊಳಗಿನ ಇಕ್ಕಟ್ಟಾದ ಮನೆ. ಆರು ತಿಂಗಳಲ್ಲಿ ಅದು ಎದೆಯೆತ್ತರ ಜಿಗಿಯತೊಡಗಿತು. ನಾವು ಸರಪಳಿ ಹಾಕಿದೆವು. ಕಟ್ಟಿದಷ್ಟೂ ಅದರ ಸಿಟ್ಟು ಬೆಳೆಯಿತು. ಒಂದು ದಿನ ಸರಪಳಿ ಕಳಚಿ ನೆರೆಮನೆಯ ಆಡಿನ ಮರಿಯನ್ನು ಕೊಂದಿತು. ಹಣವನ್ನು ಕೊಟ್ಟೆವು, ಆ ಮನೆಯಾಕೆಯ ಕಣ್ಣೀರಿಗೆ ಕೊಡತಕ್ಕ ಹಣ ನಮ್ಮಲ್ಲಿರಲಿಲ್ಲ. ಕಡೆಗೆ ದೊಡ್ಡ ಬೇಲಿಯ ತೋಟವುಳ್ಳ ಪರಿಚಿತರೊಬ್ಬರಿಗೆ ನಾಯಿಯನ್ನು ಒಪ್ಪಿಸಿದೆವು. ವರ್ಷದ ಮೇಲೆ ನೋಡಲು ಹೋದಾಗ ಅದು ಬಾಣದಂತೆ ಓಡಿಬಂದು ನನ್ನ ಕೈ ನೆಕ್ಕಿತು. ತಪ್ಪು ನಾಯಿಯದಾಗಿರಲಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಎತ್ತರದ ಗೋಡೆಯ ಅಂಗಳವಿದ್ದು, ನಿತ್ಯವೂ ಓಡಿಸುವ ತರುಣರು ಮನೆಯಲ್ಲಿದ್ದು, ಕೋಳಿ ಕುರಿಗಳಿಲ್ಲದಿದ್ದರೆ ಮುಧೋಳದ ನಾಯಿ ತಕ್ಕದ್ದು. ಗಂಗಾವತಿ ಕಡೆಯ ಗದ್ದೆಮನೆಯಂತೆ ಊರ ಹೊರಗಿನ ಒಂಟಿಮನೆಯಾಗಿದ್ದು, ಒಡೆಯನು ಸದಾ ಅಲ್ಲಿಯೇ ಇರುವುದಾದರೆ ರಾಜಪಾಳಯದ್ದನ್ನು ಯೋಚಿಸಬಹುದು. ಮುಧೋಳದ ಮರಿಯನ್ನು ಅರಸುವವರು ಆ ತಾಲ್ಲೂಕಿನ ತಿಮ್ಮಾಪುರದಲ್ಲಿರುವ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸುವುದು ಲೇಸು. ಮರಿಯ ತಾಯಿಯನ್ನು ಕಣ್ಣಾರೆ ಕಾಣದೆ ಎಲ್ಲಿಯೂ ಕೊಳ್ಳಬಾರದು. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಲೂ ಬಾರದು.

ಯಾವ ನಾಯಿಯೇ ಆಗಲಿ, ಮೂರನೆಯ ತಿಂಗಳಲ್ಲಿ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸುತ್ತಿರಬೇಕು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರ ಮುಂತಾದುವನ್ನು ಹಚ್ಚಕೂಡದು. ನಾಯಿಗಳ ರೋಗಗಳು ಕಾಡಿನ ತೋಳಗಳಿಗೂ ಅಂಟುವುವು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಧಾಮವಿರುವುದರಿಂದ ಈ ಎಚ್ಚರಿಕೆ ಇಲ್ಲಿಯವರಿಗೆ ಇನ್ನೂ ಹೆಚ್ಚು ಸಲ್ಲುತ್ತದೆ.

ಇನ್ನು ಕುಷ್ಟಗಿಯ ಸೋದರಿಗೆ ನೇರವಾದ ಉತ್ತರ. ತಾಯಿ, ನಿಮ್ಮ ಕೋಳಿಗಳು ಮುಧೋಳದ ನಾಯಿಯನ್ನು ಬೇಡವೆನ್ನುತ್ತವೆ. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿಲ್ಲದ ಯಜಮಾನರು ರಾಜಪಾಳಯದ್ದನ್ನು ಬೇಡವೆನ್ನುತ್ತಾರೆ. ಕಳ್ಳನನ್ನು ಬೆದರಿಸಲು ಬೇಕಾದುದು ಬೊಗಳುವ ಗಂಟಲೇ ಹೊರತು ವಂಶಾವಳಿಯಲ್ಲ. ನಿಮ್ಮ ಓಣಿಯಲ್ಲಿಯೇ ಹುಟ್ಟಿದ ಮರಿಯೊಂದನ್ನು ತಂದು, ಚುಚ್ಚುಮದ್ದು ಹಾಕಿಸಿ, ರೊಟ್ಟಿ ಹಾಲು ಕೊಟ್ಟು, ಕೋಳಿಗಳ ಜೊತೆಯಲ್ಲಿಯೇ ಬೆಳೆಸಿ. ಅತ್ತೆಯವರ ಕಾಲಬಳಿ ಅದು ಸುಖವಾಗಿ ಮಲಗುವುದು. ಮಕ್ಕಳು ದೊಡ್ಡವರಾಗಿ, ಹೊಲದಲ್ಲಿ ಮನೆ ಕಟ್ಟಿದ ದಿನ ಮತ್ತೊಮ್ಮೆ ಬರೆಯಿರಿ. ಆಗ ಮುಧೋಳದ ಮಾತನ್ನಾಡೋಣ.