388ರ ಎದುರು ಒಂದು

ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮರುದಿನ, 1941ರ ಡಿಸೆಂಬರ್ 8ರಂದು, ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಯುದ್ಧ ಘೋಷಣೆಯ ಪರ 388 ಮತ ಬಿದ್ದವು. ವಿರುದ್ಧ ಬಿದ್ದದ್ದು ಒಂದೇ, ಮೊಂಟಾನಾದ ಜೆನೆಟ್ ರಾಂಕಿನ್ ಅವರದು. ರೊಚ್ಚಿಗೆದ್ದ ಜನರಿಂದ ತಪ್ಪಿಸಿಕೊಳ್ಳಲು ಆಕೆ ಟೆಲಿಫೋನ್ ಬೂತಿನೊಳಗೆ ಸೇರಿಕೊಂಡು ಪೊಲೀಸರನ್ನು ಕರೆಸಬೇಕಾಯಿತು. 1917ರಲ್ಲೂ ಆಕೆ ಯುದ್ಧ ಬೇಡವೆಂದಿದ್ದರು. ಆಗ ಜತೆಗೆ ಇನ್ನೂ 49 ಮಂದಿ ಇದ್ದರು.

ರಾಂಕಿನ್ ಅವರನ್ನು, ಹೊರಗಿನ ಜಗಳ ನಮಗೆ ಬೇಡವೆನ್ನುವ 'ಪ್ರತ್ಯೇಕತಾವಾದಿ'ಗಳ ಗುಂಪಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಗುಂಪಿನಲ್ಲಿ ಎಂಥೆಂಥವರಿದ್ದರು! 'ಅಮೆರಿಕ ಫಸ್ಟ್' ಸಮಿತಿಯ ತಾರೆ, ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್, 1941ರ ಸೆಪ್ಟೆಂಬರ್‌ನಲ್ಲಿ ದೇಶವನ್ನು ಯುದ್ಧಕ್ಕೆ ನೂಕುತ್ತಿರುವವರ ಪಟ್ಟಿಯಲ್ಲಿ ಯಹೂದಿಗಳನ್ನೂ ಹೆಸರಿಸಿ ಭಾಷಣ ಬಿಗಿದಿದ್ದ. ರಾಂಕಿನ್ ಶಾಂತಿವಾದಿ, ಯುದ್ಧ ಮುಗಿದ ಮೇಲೆ ಗಾಂಧಿ ವಿಚಾರದ ಸೆಳೆತಕ್ಕೆ ಭಾರತಕ್ಕೆ ಮತ್ತೆ ಮತ್ತೆ ಬಂದುಹೋದವರು. ಇಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚುವ ಚರ್ಚೆ ಯಾವ ಕೆಲಸಕ್ಕೆ ಬಂದೀತು?

ಅಷ್ಟಕ್ಕೂ ಅಮೆರಿಕ ತನ್ನ ಪಾಡಿಗೆ ತಾನಿದ್ದ ಕಾಲ ಯಾವುದು? ಲೀಗ್ ಆಫ್ ನೇಷನ್ಸ್ ಸಹವಾಸವೇ ಬೇಡವೆಂದ 1920ರ ದಶಕದಲ್ಲೂ ಅಮೆರಿಕದ ಮರೀನ್ ಪಡೆಗಳು ಹೈಟಿಯಲ್ಲಿ, ನಿಕರಾಗುವಾದಲ್ಲಿ ಬೀಡುಬಿಟ್ಟಿದ್ದವು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಸಂವಿಧಾನ ಆ ಅಧಿಕಾರ ಕೊಟ್ಟಿರುವುದು ಸಂಸತ್ತಿಗೆ. ಅದು ಕೊನೆಯ ಬಾರಿ ಯುದ್ಧ ಘೋಷಿಸಿದ್ದು 1942ರ ಜೂನ್‌ನಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್ ಎಲ್ಲವೂ ಘೋಷಣೆಯಿಲ್ಲದೆಯೇ ನಡೆದ ಯುದ್ಧಗಳು. 2001ರ ಸೆಪ್ಟೆಂಬರ್ 14ರಂದು, ಅವಳಿ ಗೋಪುರ ಕುಸಿದ ಮೂರನೇ ದಿನ, ಅಧ್ಯಕ್ಷರಿಗೆ ಸೇನಾಬಲ ಬಳಸುವ ಅಧಿಕಾರ ಕೊಡುವ ನಿರ್ಣಯ ಪ್ರತಿನಿಧಿ ಸಭೆಯಲ್ಲಿ 420-1ರಿಂದ ಪಾಸಾಯಿತು. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಖಾಲಿ ಚೆಕ್‌ಗೆ ಸಹಿ ಹಾಕಲಾರೆ ಎಂಬುದು ಆಕೆಯ ತಕರಾರು. ಮುಂದೆ ಆ ಚೆಕ್ ಯೆಮನ್, ಸೊಮಾಲಿಯಾಗಳಲ್ಲಿ, ಸಿರಿಯಾದ ಐಸಿಸ್ ವಿರುದ್ಧ, ಒಬ್ಬರಾದ ಮೇಲೊಬ್ಬ ಅಧ್ಯಕ್ಷರ ಕೈಯಲ್ಲಿ ನಗದಾಗುತ್ತ ಹೋಯಿತು.

1973ರ ಕಾನೂನೊಂದಿದೆ: ಸಂಸತ್ತಿನ ಒಪ್ಪಿಗೆಯಿಲ್ಲದಿದ್ದರೆ 60 ದಿನಗಳಲ್ಲಿ ಕದನ ನಿಲ್ಲಿಸಬೇಕು. 2011ರಲ್ಲಿ ಲಿಬಿಯಾದಲ್ಲಿ ಗಡುವು ದಾಟಿದಾಗ ಒಬಾಮ ಸರ್ಕಾರ, ಇದು ಕಾನೂನು ಹೇಳುವ ಕದನವೇ ಅಲ್ಲ ಎಂದು ವಾದಿಸಿತು. ಸಂಸತ್ತಿನ ಸದಸ್ಯರಿಗೂ ಒಳಗೊಳಗೇ ನಿರಾಳ ಇರಬೇಕು. ಮತ ಹಾಕದಿದ್ದರೆ ನಾಳೆ ಉತ್ತರ ಹೇಳುವ ಗೋಜಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಟ್ರಂಪ್ ಗೆದ್ದದ್ದು ಅದೇ ಹಳೆಯ 'ಅಮೆರಿಕ ಫಸ್ಟ್' ಘೋಷಣೆ ಹಿಡಿದು, ಇರಾಕ್ ಯುದ್ಧವನ್ನು ಹೀಗಳೆದು. 2025ರ ಜೂನ್‌ನಲ್ಲಿ ಇರಾನಿನ ಫೋರ್ಡೊ ಯುರೇನಿಯಂ ಘಟಕದ ಮೇಲೆ ಬಾಂಬು ಹಾಕಿಸುವಾಗ ಅವರೂ ಸಂಸತ್ತಿನ ಒಪ್ಪಿಗೆ ಕೇಳಲಿಲ್ಲ. ವಾರ ತುಂಬುವುದರೊಳಗೆ, ಮುಂದಿನ ದಾಳಿಗಾದರೂ ಒಪ್ಪಿಗೆ ಪಡೆಯಬೇಕೆಂಬ ನಿರ್ಣಯ ಸೆನೆಟ್ ಮುಂದೆ ಬಂತು. 53-47ರಿಂದ ಬಿದ್ದುಹೋಯಿತು.