ಡೈಪೋಲ್ ಬರಿಯ ತಂತಿಯ ತುಂಡಲ್ಲ

ಹೊಂಗಡಹಳ್ಳದಂತಹ ಘಟ್ಟದಂಚಿನ ಊರುಗಳಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ: ಆಂಟೆನಾ ಎಂದರೆ ತಂತಿ, ಅದು ಉದ್ದವಾದಷ್ಟೂ ಫಲ ಹೆಚ್ಚು. ಈ ನಂಬಿಕೆಗಿಂತಲೂ ನನ್ನನ್ನು ಕೆರಳಿಸುವುದು ನಮ್ಮ ಅಧ್ಯಾಪಕ ಬಂಧುಗಳ ಮಾತು: “ಅದೆಲ್ಲ ಇಂಜಿನಿಯರಿಂಗ್ ವಿಷಯ, ಪ್ರೌಢಶಾಲೆಯ ಮಕ್ಕಳಿಗೇಕೆ?”

ಏಕೆಂದರೆ ಓಮನ ನಿಯಮ ಕಲಿತ ಮಗುವಿಗೆ ಇದು ಎಟುಕದ ಹಣ್ಣಲ್ಲ. ಡೈಪೋಲ್ ಎಂದರೆ ನಡುವೆ ಸಂಪರ್ಕವಿರುವ ಎರಡು ಸಮಾನ ಕಡ್ಡಿಗಳು. 100 ಮೆಗಾಹರ್ಟ್ಸ್ ಎಫ್.ಎಂ. ಅಲೆಯ ತರಂಗದೂರ 3 ಮೀಟರ್. ಅದರ ಅರ್ಧ 1.5 ಮೀಟರ್. ಅಷ್ಟುದ್ದದ ತೆಳು ತಂತಿ ಸುಮಾರು 73 ಓಮ್ ರೋಧವನ್ನೂ 42 ಓಮ್ ಪ್ರೇರಕ ಪ್ರತಿಘಾತವನ್ನೂ ತೋರುತ್ತದೆ. ನೂರಕ್ಕೆ ಐದರಷ್ಟು ಕತ್ತರಿಸಿದರೆ ಪ್ರತಿಘಾತ ಮಾಯವಾಗಿ ಅನುರಣನ ಉಂಟಾಗುತ್ತದೆ. ಇನ್ನೂ ಗಿಡ್ಡವಾದರೆ ಅದು ಕೆಪಾಸಿಟರಿನಂತೆ, ಉದ್ದವಾದರೆ ಕಾಯಿಲ್‌ನಂತೆ ವರ್ತಿಸುತ್ತದೆ. ಆದ್ದರಿಂದ ಅನುರಣನದ ಆಸುಪಾಸಿನಲ್ಲಿ ಡೈಪೋಲನ್ನು ರೋಧ, ಕಾಯಿಲ್, ಕೆಪಾಸಿಟರುಗಳ ಸರಣಿ ಮಂಡಲವೆಂದು ಬರೆಯಬಹುದು. ಆ ರೋಧದ ಬಹುಪಾಲು ಶಾಖವಾಗಿ ಪೋಲಾಗುವುದಲ್ಲ, ಆಕಾಶಕ್ಕೆ ಹೊರಟ ಶಕ್ತಿಯ ಲೆಕ್ಕ. ಉದ್ದವನ್ನು ಇಮ್ಮಡಿಸಿದರೆ ನಡುವಿನ ತಡೆ ನೂರಾರು, ಕೆಲವೊಮ್ಮೆ ಸಾವಿರಾರು ಓಮಿಗೆ ಏರಿ, ಕೇಬಲಿನೊಡನೆ ಹೊಂದಿಕೆಯೇ ತಪ್ಪುತ್ತದೆ. ‘ಉದ್ದವಾದಷ್ಟೂ ಫಲ’ ಎಂಬ ಮಾತು ಇಲ್ಲಿಗೇ ಮುಗಿಯಿತು!

ಟೀವಿ ಆಂಟೆನಾದ ಮಡಿಚಿದ ಡೈಪೋಲನ್ನು ನೆನೆಯಿರಿ. ಮಡಿಚುವುದರಿಂದ ತಡೆ ನಾಲ್ಮಡಿಯಾಗಿ 300 ಓಮಿನ ಸಮೀಪಕ್ಕೆ ಬರುತ್ತದೆ. ಚಪ್ಪಟೆ ಪಟ್ಟಿಯಂಥ ಆ ತಂತಿಯೂ 300 ಓಮಿನದೇ. ಮಲೆನಾಡಿನ ಮಾಡುಗಳ ಮೇಲೆ ವರ್ಷಗಟ್ಟಲೆ ಈ ಪಾಠ ತೂಗಾಡುತ್ತಿತ್ತು, ಓದಿಸಿದವರಿಲ್ಲ.

“ಮೊಬೈಲಿನ ಕಾಲದಲ್ಲಿ ಇದು ಹಳತು” ಎನ್ನುವವರು ಗೌರಿಬಿದನೂರಿಗೆ ಹೋಗಿ ಬರಲಿ. ಅಲ್ಲಿ 34.5 ಮೆಗಾಹರ್ಟ್ಸ್‌ಗೆ ಹೊಂದಿಸಿದ ಸಾವಿರ ಡೈಪೋಲುಗಳ ಸಾಲಿನಿಂದ ನಮ್ಮ ವಿಜ್ಞಾನಿಗಳು ಆಕಾಶದ ನಕ್ಷೆಯನ್ನೇ ಬರೆದರು. ಜೇಬಿನ ಫೋನೂ ಆಂಟೆನಾ ಇಲ್ಲದೆ ಮೂಕ.

ಮಾದರಿಗೂ ಮಿತಿಯುಂಟು. ಅದು ತಂತಿಯ ಗುಣವನ್ನು ಹೇಳುತ್ತದೆ. ಎದುರಿನ ಗುಡ್ಡವನ್ನು ಕರಗಿಸದು. ಗುಡ್ಡದ ಮರೆಯಲ್ಲಿ ಅಲೆಯೇ ತಲುಪದಿದ್ದಾಗ ಯಾವ ಕಡ್ಡಿಯೂ ಅದನ್ನು ಹುಟ್ಟಿಸಲಾರದು. ಈ ವಿವೇಚನೆಯುಳ್ಳವನು ಸಂತೆಯಲ್ಲಿ ‘ಬೂಸ್ಟರ್’ ಕೊಂಡು ಹಣ ಕಳೆಯುವುದಿಲ್ಲ. ಊರಿಗೊಂದು ಗೋಪುರ ಬೇಕೆಂದು ಅರ್ಜಿ ಬರೆಯುತ್ತಾನೆ. ಎರಡು ಗಜ ತಂತಿ, ಒಂದು ಅಳತೆಪಟ್ಟಿ, ಒಂದು ರೇಡಿಯೋ: ಇಷ್ಟನ್ನೂ ಮಕ್ಕಳ ಕೈಗೆ ಕೊಡದ ವಿಜ್ಞಾನ ಶಿಕ್ಷಣ ಯಾರ ಉದ್ಧಾರಕ್ಕೆ?